ಹಳೇ ಗಾಡಿ, ಹೊಸ ಗಾಡಿ: ಶಿರಾಡಿ ದಾರಿಯಲ್ಲಿ ಕ್ರೂಸ್, ಇಂಡಿಕೇಟರ್, ಲೈಟು

ನನ್ನ ಕಾರು 2012ರದು. ಹ್ಯಾಲೊಜೆನ್ ಬಲ್ಬು, ಕೈಗೇರು, ಸೆಟ್ ಮಾಡಿದ ವೇಗವನ್ನು ಕಾಲೊತ್ತದೆಯೇ ಕಾಯುವ ಕ್ರೂಸ್ ಗೀಸ್ ಏನೂ ಇಲ್ಲ. ಬಾಮೈದನದು 2023ರದು. ಅದರಲ್ಲಿ ಮುಂದಿನ ಗಾಡಿ ನೋಡಿಕೊಂಡು ತಾನೇ ವೇಗ ಇಳಿಸಿ ಏರಿಸುವ ಅಡಾಪ್ಟಿವ್ ಕ್ರೂಸ್, ಎಲ್‌ಇಡಿ ದೀಪ, ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ಹೆಡ್‌ಲೈಟು ಎಲ್ಲ ಇದೆ. ಹೋದ ಮಳೆಗಾಲದಲ್ಲಿ ಪುತ್ತೂರಿನ ಮನೆಯಲ್ಲಿ ಪೂಜೆ ಇತ್ತು. ಜನ ಜಾಸ್ತಿ, ಎರಡೂ ಕಾರು ಹೊರಟವು. ಬೆಂಗಳೂರಿನಿಂದ 300 ಕಿ.ಮೀ. ಮೇಲಿನ ದಾರಿ, ನಡುವೆ ಶಿರಾಡಿ ಘಾಟಿ. ದಾರಿಯಲ್ಲಿ ಗಾಡಿ ಬದಲಾಯಿಸಿಕೊಳ್ಳುತ್ತಾ ಎರಡನ್ನೂ ಪರೀಕ್ಷೆ ಮಾಡೋಣ ಎಂದು ಮಾತಾಯಿತು.

ತೀರ್ಪುಗಾರ್ತಿ ನನ್ನ ಹೆಂಡತಿ. ಅವಳು ಯಾವಾಗಲೂ ಹಿಂದಿನ ಕಾರಿನಲ್ಲಿ ಡ್ರೈವರ್ ಪಕ್ಕ ಕೂರಬೇಕು. ಮುಂದಿನ ಕಾರು ಏನು ಮಾಡುತ್ತಿದೆ ಅನ್ನುವುದು ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ಫೋನಿನಲ್ಲಿ ಮುಂದಿನ ಕಾರಿನಲ್ಲಿ ಕೂತ ಅಮ್ಮನಿಗೆ ಹೇಳಬೇಕು. ಕಾರಿನ ರಿವ್ಯೂ ಮಾಡುವವರೆಲ್ಲ ಒಳಗೆ ಕೂತು ಮಾಡುತ್ತಾರೆ. ಇಂಡಿಕೇಟರ್ ಆಗಲಿ ಹಿಂದಿನ ಕೆಂಪು ದೀಪ ಆಗಲಿ ಒಳಗೆ ಕೂತವನಿಗಾಗಿ ಇಟ್ಟದ್ದೇ ಅಲ್ಲವಲ್ಲ.

ನೆಲಮಂಗಲ ದಾಟಿದ ಮೇಲೆ ಹೊಸ ಗಾಡಿಯನ್ನು ನಾನು ಹಿಡಿದೆ, ಮುಂದೆ. 80ಕ್ಕೆ ಕ್ರೂಸ್ ಸೆಟ್ ಮಾಡಿ ಅಂತರವನ್ನು ನಾಲ್ಕು ಗೆರೆಗೆ ಇಟ್ಟೆ, ಅಂದರೆ ಇರುವುದರಲ್ಲಿ ಅತಿ ದೂರ. ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲೆ ಶುರುವಾಯಿತು. ನಮ್ಮ ರಸ್ತೆಯಲ್ಲಿ ಮುಂದಿನ ಗಾಡಿಗೂ ನಮಗೂ ನಡುವೆ ಜಾಗ ಬಿಟ್ಟರೆ ಅದನ್ನು ಜಾಗ ಎಂದೇ ತಿಳಿಯುತ್ತಾರೆ. ಎಡದಿಂದ ಒಂದು ಟೆಂಪೋ ನುಗ್ಗಿತು, ಕಾರು ಬ್ರೇಕ್ ಹಾಕಿತು. ಅದು ಮುಂದೆ ಹೋಯಿತು, ಕಾರು ಓಡಿತು. ಒಂದು ಬೈಕು ಬಂತು, ಮತ್ತೆ ಬ್ರೇಕು. ಕುಣಿಗಲ್ ಬರುವ ಮೊದಲೇ ಅಮ್ಮನ ಕೈಯಲ್ಲಿದ್ದ ಫೋನಿನಿಂದ ಹೆಂಡತಿಯ ದನಿ: "ಯಾಕೆ ಸುಮ್‌ಸುಮ್ನೆ ಬ್ರೇಕ್ ಲೈಟ್ ಹಾಕ್ತಿದ್ದೀರಿ? ಇವನು ಪ್ರತಿಸಲ ಹೆದರ್ತಿದ್ದಾನೆ."

ನನ್ನ ಕಾಲು ನೆಲದ ಮೇಲಿತ್ತು. ಬ್ರೇಕ್ ಬಿದ್ದದ್ದು ನನಗೆ ಗೊತ್ತೇ ಆಗದಷ್ಟು ಮೆತ್ತಗೆ. ಆದರೆ ಹಿಂದಿನ ದೀಪಕ್ಕೆ ಮೆತ್ತಗೆ ಜೋರು ಎಂಬ ಭೇದವಿಲ್ಲ, ಉರಿಯುತ್ತದೆ ಅಷ್ಟೇ. ಹಳೇ ಗಾಡಿಯಲ್ಲಾದರೆ ಬೈಕ್ ಸವಾರ ಹೆಗಲು ತಿರುಗಿಸಿದ್ದು ಕಂಡಾಗಲೇ ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸುತ್ತೇನೆ. ಬ್ರೇಕಿನ ಮಾತೇ ಬರುವುದಿಲ್ಲ. ಹತ್ತು ಸಲ ಸುಳ್ಳು ಉರಿದ ಬ್ರೇಕ್ ಲೈಟನ್ನು ಹನ್ನೊಂದನೇ ಸಲ ಯಾರು ನಂಬುತ್ತಾರೆ? ಈ ಒಂದು ವಿಷಯದಲ್ಲಿ ಗೆದ್ದದ್ದು ಕಾಲು.

ಯಡಿಯೂರು ದಾಟಿದ ಮೇಲೆ ಇನ್ನೊಂದು ಪಾಠ. ನನ್ನ ಮುಂದೆ ಹೋಗುತ್ತಿದ್ದ ಬಿಳಿ ಕಾರು ಇದ್ದಕ್ಕಿದ್ದಂತೆ ಬಲದ ಲೇನಿಗೆ ಹಾರಿತು. ಮುಂದೆ ಖಾಲಿ ಎಂದು ನಮ್ಮ ಕಾರು ವೇಗ ಏರಿಸತೊಡಗಿತು. ಖಾಲಿ ಇರಲಿಲ್ಲ. ಸುಮಾರು ದೂರದಲ್ಲಿ ರಸ್ತೆ ಮೇಲೆ ಒಂದು ಸೊಪ್ಪಿನ ಕೊಂಬೆ, ಅದರ ಬುಡಕ್ಕೆ ಎರಡು ಕಲ್ಲು. ಕೊಂಬೆ ಕಂಡರೆ ಅದರಾಚೆ ಲಾರಿ ಕೆಟ್ಟು ನಿಂತಿದೆ ಎಂದು ಈ ರಾಜ್ಯದಲ್ಲಿ ಸೈಕಲ್ ಹೊಡೆಯುವ ಹುಡುಗನಿಗೂ ಗೊತ್ತು. ಮುಂದಿನ ಗಾಡಿ ನೋಡಲೆಂದು ಕ್ರೂಸಿಗೆ ಕೊಟ್ಟ ರೇಡಾರಿಗೆ ಗೊತ್ತಿಲ್ಲ. ನಾನು ಬ್ರೇಕ್ ಒತ್ತಿದೆ, ಕ್ರೂಸ್ ಕಳಚಿಕೊಂಡಿತು. ಆಮೇಲೆ ಕೈಪಿಡಿ ತೆಗೆದು ನೋಡಿದರೆ ನಿಂತಿರುವ ವಾಹನವನ್ನು ಇದು ಗುರುತಿಸದೇ ಇರಬಹುದು ಎಂದು ಅವರೇ ಬರೆದಿದ್ದಾರೆ. ಓಡುವ ಗಾಡಿಯನ್ನು ಹಿಂಬಾಲಿಸಲು ಕಲಿತ ಯಂತ್ರ ಅದು. ನಿಂತದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಪ್ರತಿ ಬೋರ್ಡು, ಪ್ರತಿ ಸೇತುವೆಗೂ ಬ್ರೇಕ್ ಹಾಕುತ್ತಾ ಕೂರಬೇಕಾಗುತ್ತದೆ.

ಹಾಗಾದರೆ ಸಾದಾ ಕ್ರೂಸ್ ವಾಸಿಯೇ? ಅದನ್ನು ಹಿಂದೆ ಒಂದು ಬಾಡಿಗೆ ಕಾರಿನಲ್ಲಿ ಮೈಸೂರು ಹೆದ್ದಾರಿಯಲ್ಲಿ ನೋಡಿದ್ದೆ. 2023ರ ಆಗಸ್ಟ್‌ನಿಂದ ಅಲ್ಲಿ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಹಾಗಾಗಿ ಕ್ರೂಸ್ ಎಂಬುದಕ್ಕೆ ಅರ್ಥ ಇರುವ ರಸ್ತೆ ಅದು. ಮುಂದೆ ಯಾರಿದ್ದಾರೆ ಎಂಬುದು ಸಾದಾ ಕ್ರೂಸಿಗೆ ಬೇಕಾಗಿಲ್ಲ. ಅದು ನೋಡುವುದಿಲ್ಲ ಎಂದು ನನಗೆ ಗೊತ್ತಿರುವುದರಿಂದ ನಾನು ನೋಡುತ್ತೇನೆ. ಅದೇ ಅದರ ಗುಣ. ದೋಷ ಎಂದರೆ ಹಿಂದೆ ಸೆಟ್ ಮಾಡಿದ್ದ ವೇಗಕ್ಕೆ ಮರಳಿಸುವ ರೆಸ್ಯೂಮ್ ಗುಂಡಿ. ಟೋಲ್ ದಾಟಿ ಗಾಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹೊರಡುತ್ತಿದ್ದಾಗ ನಾನು 40ರಲ್ಲಿದ್ದೆ. ಹೆಬ್ಬೆರಳು ಗುಂಡಿಗೆ ತಾಗಿತು. ಒಂದು ಗಂಟೆ ಹಿಂದೆ ಹೇಳಿದ್ದ 95 ಅದಕ್ಕೆ ನೆನಪಿತ್ತು, ನನಗೆ ಮರೆತಿತ್ತು. ಗಾಡಿ ಗುರ್ ಎಂದು ಜಿಗಿಯಿತು. ಈಗ ನಿಂತು ಹೊರಟ ಮೇಲೆ ರೆಸ್ಯೂಮ್ ಮುಟ್ಟುವುದಿಲ್ಲ, ಹೊಸದಾಗಿ ಸೆಟ್ ಮಾಡುತ್ತೇನೆ. ಕಾಲನ್ನು ಚಪ್ಪಟೆಯಾಗಿ ನೆಲಕ್ಕೆ ಇಡುವ ಬದಲು ಹಿಮ್ಮಡಿಯನ್ನು ಬ್ರೇಕ್ ಮುಂದೆಯೇ ಊರಿಕೊಳ್ಳುತ್ತೇನೆ.

ಕ್ರೂಸ್ ಕಂಡುಹಿಡಿದ ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರಿಗೆ ಬಾಲ್ಯದಿಂದಲೂ ಕಣ್ಣು ಕಾಣುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ವೇಗ ಇಳಿಸಿ ಏರಿಸಿ ಜಗ್ಗಾಡುತ್ತಿದ್ದ ತನ್ನ ವಕೀಲನ ಡ್ರೈವಿಂಗ್ ತಡೆಯಲಾರದೆ ಇದನ್ನು ಮಾಡಿದನಂತೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಬಂತು. ಪಕ್ಕದ ಸೀಟಿನವನ ಹೊಟ್ಟೆ ತೊಳಸದಿರಲಿ ಎಂದು ಹುಟ್ಟಿದ ವಸ್ತು ಅದು. ನಮ್ಮ ಅಮ್ಮನೂ ಆ ದಿನ ವಾಂತಿ ಮಾಡಲಿಲ್ಲ, ಅದನ್ನು ಹೊಸ ಗಾಡಿಯ ಲೆಕ್ಕಕ್ಕೇ ಬರೆಯಬೇಕು.

ಚನ್ನರಾಯಪಟ್ಟಣದಲ್ಲಿ ಕಾಫಿ ಕುಡಿದು ಗಾಡಿ ಬದಲು. ಈಗ ಹಳೆಯದರಲ್ಲಿ ನಾನು ಮುಂದೆ, ಹೊಸದರಲ್ಲಿ ಬಾಮೈದ ಹಿಂದೆ.

ಇಂಡಿಕೇಟರ್ ವಿಷಯದಲ್ಲಿ ಹೊಸ ಗಾಡಿಗೆ ಒಂದು ಸವಲತ್ತಿದೆ. ಸ್ಟೀರಿಂಗ್ ಪಕ್ಕದ ಕಡ್ಡಿಯನ್ನು ಸುಮ್ಮನೆ ತಟ್ಟಿದರೆ ಮೂರು ಸಲ ಮಿನುಗಿ ತಾನೇ ನಿಲ್ಲುತ್ತದೆ. ಲೇನ್ ಬದಲಿಸಲು ಎಂದು ಕೊಟ್ಟದ್ದು. ನಾನದನ್ನು ಬೆಳಗ್ಗೆ ಬಹಳ ಮೆಚ್ಚಿಕೊಂಡು ಬಳಸಿದ್ದೆ. ಹೆಂಡತಿ ಹೇಳಿದಳು: "ನೀವು ಇಂಡಿಕೇಟರ್ ಹಾಕಿದ್ದು ಕಂಡಾಗ ಅರ್ಧ ಗಾಡಿ ಆಗಲೇ ಆ ಕಡೆ ಹೋಗಿತ್ತು." ಲೆಕ್ಕ ಹಾಕಿದೆ. ಇಂಡಿಕೇಟರ್ ನಿಮಿಷಕ್ಕೆ ಸುಮಾರು 90 ಸಲ ಮಿನುಗುತ್ತದೆ, ಮೂರು ಮಿನುಗಿಗೆ ಎರಡು ಸೆಕೆಂಡು. 80ರ ವೇಗದಲ್ಲಿ ಅಷ್ಟರಲ್ಲಿ ಕಾರು 45 ಮೀಟರ್ ದಾಟಿರುತ್ತದೆ. ಹಿಂದಿನವನು ಕನ್ನಡಿ ನೋಡಿ ತಲೆ ಎತ್ತುವಷ್ಟರಲ್ಲಿ ಸಂದೇಶ ಮುಗಿದಿರುತ್ತದೆ.

ಹಳೇ ಗಾಡಿಯ ರೋಗ ಇದಕ್ಕೆ ತದ್ವಿರುದ್ಧ. ಕಡ್ಡಿಯನ್ನು ಪೂರ್ತಿ ಒತ್ತಿದರೆ ಸ್ಟೀರಿಂಗ್ ಚೆನ್ನಾಗಿ ತಿರುಗಿ ವಾಪಸು ಬರುವ ತನಕ ಆರುವುದಿಲ್ಲ. ಲೇನ್ ಬದಲಿಸುವಾಗ ಸ್ಟೀರಿಂಗ್ ಎಷ್ಟು ತಿರುಗೀತು? ಶಾಂತಿಗ್ರಾಮದ ಟೋಲ್ ದಾಟಿ ಒಂದು ಬಸ್ಸನ್ನು ಹಿಂದೆ ಹಾಕಿದೆ. ಹಾಡು ಜೋರಾಗಿತ್ತು, ಟಿಕ್ ಟಿಕ್ ಕೇಳಲಿಲ್ಲ. ಹಾಸನದ ಬೈಪಾಸಿನ ಹತ್ತಿರ ಫೋನು: "ಬಲಗಡೆ ಇಂಡಿಕೇಟರ್ ಟೋಲಿನಿಂದ ಹೊಡ್ಕೋತಾನೇ ಇದೆ. ಹಿಂದೆ ಒಬ್ಬ ಬೈಕಿನವನು ನೀವು ತಿರುಗ್ತೀರಿ ಅಂತ ಎಡಗಡೆಯಿಂದ ನುಗ್ಗಿ ಹೋದ." ಆ ಬೈಕಿನವನು ಹೋಗುವಾಗ ನಾನು ಎಡಕ್ಕೆ ವಾಲಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಹಾಡು ಸಣ್ಣ ಮಾಡಿದೆ.

ಒಂದು ಬೇಗ ಮುಗಿಯುತ್ತದೆ, ಇನ್ನೊಂದು ಮುಗಿಯುವುದೇ ಇಲ್ಲ. ನನಗೆ ಒಗ್ಗಿದ್ದು ಮೂರನೆಯದು: ಕಡ್ಡಿಯನ್ನು ಅರ್ಧಕ್ಕೆ ಒತ್ತಿ ಬೆರಳಲ್ಲೇ ಹಿಡಿದುಕೊಳ್ಳುವುದು. ಎರಡು ಮೂರು ಮಿನುಗು ಆದ ಮೇಲೆ ತಿರುಗಲು ಶುರು, ಲೇನಿಗೆ ಬಂದ ಮೇಲೆ ಬೆರಳು ಬಿಡುವುದು. ಎರಡೂ ಕಾರಿನಲ್ಲಿ ನಡೆಯುತ್ತದೆ.

ಇದರ ಮೇಲೆ ಲಾರಿಗಳ ಭಾಷೆ ಬೇರೆ. ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ ತಾನು ಬಲಕ್ಕೆ ತಿರುಗುತ್ತೇನೆ ಎಂದೂ ಇರಬಹುದು, ಎದುರಿಗೆ ಗಾಡಿ ಬರುತ್ತಿದೆ ಬರಬೇಡ ಎಂದೂ ಇರಬಹುದು, ಹೋಗು ಮಾರಾಯ ಎಂದೂ ಇರಬಹುದು. ನಾನು ಎಲ್ಲದಕ್ಕೂ ಒಂದೇ ಅರ್ಥ ಮಾಡುತ್ತೇನೆ: ಹಿಂದೆಯೇ ಇರು. ಸ್ಕೋಡಾ, ಫೋಕ್ಸ್‌ವ್ಯಾಗನ್ ಓಡಿಸಿ ಬಂದವರ ಕಷ್ಟ ಇನ್ನೊಂದು. ಅವುಗಳಲ್ಲಿ ಇಂಡಿಕೇಟರ್ ಎಡಗೈಗೆ, ನಮ್ಮ ಮಾರುತಿ ಹ್ಯುಂಡೈಗಳಲ್ಲಿ ಬಲಗೈಗೆ. ಗಾಡಿ ಬದಲಿಸಿದ ದಿನ ವೈಪರ್ ಆಡಿಸುತ್ತಾ ಎಡಕ್ಕೆ ತಿರುಗುವವರು ಅವರೇ.

ಸಕಲೇಶಪುರ ಬರುವ ಹೊತ್ತಿಗೆ ನನ್ನ ಎಡ ಇಂಡಿಕೇಟರಿನ ಟಿಕ್ ಟಿಕ್ ಎರಡರಷ್ಟು ಚುರುಕಾಯಿತು. ಅಂದರೆ ಆ ಕಡೆಯ ಒಂದು ಬಲ್ಬು ಹೋಗಿದೆ ಎಂದರ್ಥ. ಪೇಟೆಯ ಅಂಗಡಿಯಲ್ಲಿ 21 ವಾಟಿನ ಕಿತ್ತಳೆ ಬಲ್ಬು ಸಿಕ್ಕಿತು, ಐದು ನಿಮಿಷದಲ್ಲಿ ಕೆಲಸ ಆಯಿತು. ಬಾಮೈದನ ಗಾಡಿಯಲ್ಲಿ ಎಲ್‌ಇಡಿ ಕೆಟ್ಟರೆ ಬಲ್ಬು ಬಿಚ್ಚುವ ಮಾತೇ ಇಲ್ಲ, ಲ್ಯಾಂಪಿಗೆ ಲ್ಯಾಂಪೇ ಬದಲಿಸಬೇಕು. ಅವನು ಮುಖ ಬೇರೆ ಕಡೆ ತಿರುಗಿಸಿದ.

ಇನ್ನು ಘಾಟಿ. ದೋಣಿಗಲ್ ದಾಟುತ್ತಿದ್ದಂತೆ ಮಳೆ, ಮಳೆಯ ಹಿಂದೆ ಮಂಜು. ಸಂಜೆ ನಾಲ್ಕು ಗಂಟೆ. ಕ್ರೂಸ್ ಎರಡು ಕಾರಣಕ್ಕೆ ಬಂದ್. ಒದ್ದೆ ರಸ್ತೆಯಲ್ಲಿ ಚಕ್ರದ ಹಿಡಿತ ತಪ್ಪಿದ್ದು ಕಾಲಿಗೆ ತಿಳಿದಷ್ಟು ಬೇಗ ಅದಕ್ಕೆ ತಿಳಿಯುವುದಿಲ್ಲ. ಎರಡನೆಯದು, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬ ಹಳೇ ಡ್ರೈವರುಗಳ ಮಾತು ಕ್ರೂಸಿನ ಗುಂಡಿಗೆ ಗೊತ್ತಿಲ್ಲ.

ಇಲ್ಲಿ ಬಾಮೈದ ಹೊಸ ಗಾಡಿಯಲ್ಲಿ ಮುಂದೆ, ನಾನು ಹಳೆಯದರಲ್ಲಿ ಹಿಂದೆ, ಪಕ್ಕದಲ್ಲಿ ತೀರ್ಪುಗಾರ್ತಿ. ಒಂದು ತಿರುವಿನಲ್ಲಿ ಅವನ ಕಾರು ಕಾಣೆಯಾಯಿತು. ಇದೆ, ಬೂದು ಬಣ್ಣದ ಮಂಜಿನಲ್ಲಿ ಬೂದು ಬಣ್ಣದ ಕಾರು, ಆದರೆ ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲ. ಫೋನಿನಲ್ಲಿ ಕೇಳಿದರೆ "ಲೈಟ್ ಇದೆಯಲ್ಲ ಭಾವ, ಎದುರಿನ ಬಂಡೆ ಮೇಲೆ ಬೆಳಕು ಬೀಳ್ತಿದೆ, ಮೀಟರೂ ಉರೀತಿದೆ" ಎಂದ. ಉರಿಯುತ್ತಿದ್ದದ್ದು ಹಗಲಿನಲ್ಲಿ ತಾನಾಗಿ ಹೊತ್ತುವ ಮುಂದಿನ ಬಿಳಿ ಪಟ್ಟಿ. ಅದರ ಜೊತೆ ಹಿಂದಿನ ದೀಪ ಹೊತ್ತುವುದಿಲ್ಲ. ಅವನ ಲೈಟಿನ ತಿರುಪು ಆಟೋದಲ್ಲಿತ್ತು. ಗಾಜಿನ ಹತ್ತಿರ ಇರುವ ಸೆನ್ಸರ್ ಕತ್ತಲನ್ನು ಅಳೆಯುತ್ತದೆ, ಮಂಜನ್ನಲ್ಲ. ಹಗಲಿನ ಮಂಜು ಬೆಳ್ಳಗೆ ಬೆಳಗುತ್ತಿರುತ್ತದೆ, ಅದಕ್ಕೆ ಹಗಲೇ. ನನ್ನ ಗಾಡಿಯಲ್ಲಿ ಮೀಟರಿನ ದೀಪ ಆರಿದ್ದರೆ ಹೊರಗಿನದೂ ಆರಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಹೊಸದರಲ್ಲಿ ಒಳಗೆ ಸದಾ ದೀಪಾವಳಿ.

ಅವನು ತಿರುಪನ್ನು ಕೈಯಿಂದ ಲೋ ಬೀಮಿಗೆ ತಿರುಗಿಸಿದ ಕ್ಷಣ ಎರಡು ಕೆಂಪು ದೀಪ ಹುಟ್ಟಿದವು. ಹಿಂದಿನ ಫಾಗ್ ಲ್ಯಾಂಪ್ ಹಾಕಿದ ಮೇಲೆ ಮಾರನಹಳ್ಳಿಯ ತನಕ ಅವನು ಕಣ್ಣು ತಪ್ಪಲಿಲ್ಲ. ಮಂಜು ತೆಳುವಾದ ಕೂಡಲೇ ಅದನ್ನು ಆರಿಸೆಂದು ಹೆಂಡತಿಯೇ ಹೇಳಿದಳು, ಕಣ್ಣಿಗೆ ಚುಚ್ಚುತ್ತದೆ ಎಂದು.

ಉಳಿದವರೆಲ್ಲ ನಾಲ್ಕೂ ಇಂಡಿಕೇಟರ್ ಹೊಡೆದುಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಇದಕ್ಕೆ ಪಾರ್ಕಿಂಗ್ ಲೈಟ್ ಎಂದೇ ಹೆಸರು, ಆದರೂ ಓಡುವಾಗಲೇ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ, ಸುಳ್ಳೇಕೆ. ಅವತ್ತು ಮುಂದಿದ್ದ ಒಂದು ಜೀಪು ನಾಲ್ಕೂ ಮಿನುಗಿಸುತ್ತಾ ಹೋಗಿ ಇದ್ದಕ್ಕಿದ್ದಂತೆ ಬಲಕ್ಕೆ ಚಹಾ ಅಂಗಡಿಗೆ ತಿರುಗಿತು. ಅವನು ಬಲಗಡೆ ಕಡ್ಡಿ ಒತ್ತಿದ್ದನೋ ಏನೋ, ನಾಲ್ಕೂ ಮಿನುಗುತ್ತಿರುವಾಗ ಬಹುತೇಕ ಗಾಡಿಗಳಲ್ಲಿ ಅದು ಹೊರಗೆ ಕಾಣುವುದೇ ಇಲ್ಲ. ನಿಂತಿದ್ದಾನೋ ಓಡುತ್ತಿದ್ದಾನೋ ಎಂಬುದೂ ಮಂಜಿನಲ್ಲಿ ತಿಳಿಯುವುದಿಲ್ಲ. ಈಗ ಕೆಟ್ಟು ನಿಂತರೆ ಮಾತ್ರ ಹಾಕುತ್ತೇನೆ.

ಬೆಳಕಿನ ಗುಣದಲ್ಲಿ ಯಾವುದು ಮೇಲು ಎಂದು ಕೇಳಿದರೆ ಒಣ ರಾತ್ರಿಗೆ ಎಲ್‌ಇಡಿ, ಎರಡು ಮಾತಿಲ್ಲ. ರಸ್ತೆಯ ಎರಡೂ ಅಂಚು ಕಾಣುತ್ತದೆ. ಆದರೆ ಅದರ ಬೆಳಕಿಗೆ ಕತ್ತರಿಸಿದಂಥ ಅಂಚು. ಅದರಾಚೆ ಪೂರ್ತಿ ಕಪ್ಪು. ಹಂಪ್ ಹಾರಿದಾಗ ಆ ಅಂಚು ಮೇಲೆ ಜಿಗಿದು ಎದುರಿನವನಿಗೆ ಡಿಪ್ ಡಿಮ್ ಮಾಡಿದ ಹಾಗೆ ಕಾಣುತ್ತದೆ. ಮಂಜಿನಲ್ಲಿ ನನ್ನ 55 ವಾಟಿನ ಹಳದಿ ಲೋ ಬೀಮೇ ಕಣ್ಣಿಗೆ ಹಿತವಾಗಿತ್ತು. ಹಾಗೆಂದು ಹ್ಯಾಲೊಜೆನ್ ಗೂಡಿಗೆ ಎಲ್‌ಇಡಿ ಬಲ್ಬು ತುರುಕಬೇಡಿ. ನಾನು ಎರಡು ವರ್ಷದ ಹಿಂದೆ ತುರುಕಿ ನೋಡಿದ್ದೇನೆ. ಗೂಡಿನೊಳಗೆ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ ಹ್ಯಾಲೊಜೆನ್ ಬಲ್ಬಿನ ಸಣ್ಣ ತಂತಿಯ ಜಾಗ ಲೆಕ್ಕ ಹಾಕಿ ಮಾಡಿದ್ದು. ಬೆಳಕು ಎಲ್ಲ ಕಡೆ ಚೆಲ್ಲಿ ಎದುರಿಗೆ ಬಂದವರೆಲ್ಲ ನನಗೆ ಡಿಪ್ ಹೊಡೆಯುತ್ತಿದ್ದರು. ಎರಡು ತಿಂಗಳಿಗೆ ಕಿತ್ತೆ.

ವಾಪಸು ಬರುವಾಗ ರಾತ್ರಿ. ನನ್ನ ಡಿಕ್ಕಿಯಲ್ಲಿ ತೆಂಗಿನಕಾಯಿ ಒಂದು ಮೂಟೆ, ಕುಚ್ಚಲಕ್ಕಿ, ಮೇಲೆ ಒಂದು ಹಲಸಿನ ಹಣ್ಣು. ಉಪ್ಪಿನಂಗಡಿ ತಲುಪುವಷ್ಟರಲ್ಲಿ ಏಳೆಂಟು ಲಾರಿಗಳು ಡಿಪ್ ಹೊಡೆದವು, ನಾನಿದ್ದದ್ದು ಲೋ ಬೀಮಿನಲ್ಲೇ. ಒಂದು ಗೋಡೆ ನೋಡಿ ಐದು ಮೀಟರ್ ದೂರ ನಿಲ್ಲಿಸಿದೆ. ಹಿಂದೆ ಕೂತವರನ್ನು ಇಳಿಸಿ, ಮೂಟೆ ಇಳಿಸಿ, ಬೆಳಕಿನ ಅಂಚಿಗೆ ಇದ್ದಿಲಿನಲ್ಲಿ ಗೆರೆ ಎಳೆದು, ಎಲ್ಲರನ್ನೂ ಮತ್ತೆ ಹತ್ತಿಸಿ ನೋಡಿದರೆ ಬೆಳಕು ನಾಲ್ಕು ಬೆರಳು ಮೇಲೆ. ಐದು ಮೀಟರಿಗೆ ನಾಲ್ಕು ಬೆರಳು ಎಂದರೆ 50 ಮೀಟರಿಗೆ ಒಂದು ಮೊಳ ಮೀರುತ್ತದೆ, ಎದುರಿನವನ ಕಣ್ಣಿಗೇ. ಸ್ಟೀರಿಂಗ್ ಬಲಕ್ಕೆ 0, 1, 2, 3 ಎಂದು ಬರೆದ ಸಣ್ಣ ತಿರುಪಿದೆ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅಂಕಿ ಹೆಚ್ಚಿದಷ್ಟೂ ಬೆಳಕು ಇಳಿಯುತ್ತದೆ. 3ಕ್ಕೆ ತಿರುಗಿಸಿದ ಮೇಲೆ ಬೆಂಗಳೂರಿನ ತನಕ ಯಾರೂ ಬೈಯಲಿಲ್ಲ. ಹೊಸ ಗಾಡಿ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಎರಡು ದಿನದಲ್ಲಿ ಆಟೋ ಎಂಬ ಪದಕ್ಕೆ ನಾನು ಮನಸಾರೆ ಕೊಟ್ಟ ಅಂಕ ಅದೊಂದೇ.

ಮನೆಗೆ ಬಂದು ಒಂದು ವಾರ ರಾತ್ರಿ ಹೊತ್ತು ರಸ್ತೆಯೇ ಸರಿಯಾಗಿ ಕಾಣಲಿಲ್ಲ. ಮೂತಿಯ ಮುಂದೆ ನಾಲ್ಕು ಹೆಜ್ಜೆ ಬೆಳಕು, ಆಮೇಲೆ ಕತ್ತಲು. ಬಲ್ಬು ಮುದಿಯಾಯಿತು ಎಂದು ಹೊಸ ಜೋಡಿ ಕೊಂಡು ತಂದೆ. ಹಾಕಲು ಬಾನೆಟ್ ಎತ್ತಿದಾಗ ಹೆಂಡತಿ ಸ್ಟೀರಿಂಗ್ ಕಡೆ ಒಳಗೆ ಬಗ್ಗಿ ನೋಡಿ ಕೇಳಿದಳು, "ಈ 3 ಇನ್ನೂ 3ರಲ್ಲೇ ಇದೆಯಲ್ಲ?"