ಲಿಮಿಂಗ್ಟನ್ನಿನಿಂದ ಆರು ದಿನದ ಹಾಯಿದೋಣಿ: ಎರಡು ದಿನ ಕಟ್ಟಿ ಹಾಕಿದ್ದೇ ಒಳ್ಳೆಯದಾಯಿತು

ಸೆಪ್ಟೆಂಬರ್ ಕೊನೆಯಲ್ಲಿ ನಾವು ನಾಲ್ಕು ಜನ ಸೇರಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಒಂದು ಹಾಯಿದೋಣಿ ಬಾಡಿಗೆಗೆ ತಗೊಂಡೆವು. ನಾಲ್ವರೂ ಸೌತಾಂಪ್ಟನ್ನಿನಲ್ಲಿ ನರ್ಸ್ ಕೆಲಸ ಮಾಡುವವರು. 34 ಅಡಿಯ ದೋಣಿ, ಜೊತೆಗೆ ಅದನ್ನು ನಡೆಸಲು ಕಂಪನಿಯೇ ಕಳಿಸಿದ ಒಬ್ಬ ಸ್ಕಿಪ್ಪರ್. ಭಾನುವಾರದಿಂದ ಶುಕ್ರವಾರದವರೆಗೆ, ಸ್ಕಿಪ್ಪರ್ ಸಂಬಳವೂ ಸೇರಿ 2,800 ಪೌಂಡ್. ಡೀಸೆಲ್, ಬಂದರಿನ ಬಾಡಿಗೆ, ಊಟ ಬೇರೆ. ಕಂಪನಿಯ ಹೆಸರು ಬರೆಯುವುದಿಲ್ಲ. ಲಿಮಿಂಗ್ಟನ್ನಿನಲ್ಲಿ ಇಂಥವು ಹಲವು ಇವೆ, ಬುಕ್ ಮಾಡುವ ಮೊದಲು ಕೇಳಬೇಕಾದ್ದು ಎಲ್ಲ ಕಡೆಯೂ ಒಂದೇ.

ಹಾಯಿ, ಹಗ್ಗ, ಎಂಜಿನ್ ಚೆನ್ನಾಗಿದ್ದವು. ಲೈಫ್ ಜಾಕೆಟ್‌ಗಳನ್ನು ಸ್ಕಿಪ್ಪರ್ ಒಂದೊಂದಾಗಿ ಬಿಚ್ಚಿ, ಅದನ್ನು ಉಬ್ಬಿಸುವ ಒಳಗಿನ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯಾ ಅಂತ ನೋಡಿಯೇ ನಮಗೆ ಕೊಟ್ಟರು. ಹೀಟರ್ ಹತ್ತಲಿಲ್ಲ. ಮುಂದಿನ ಕ್ಯಾಬಿನ್ನಿನ ಹಾಸಿಗೆ ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು. ಇವೆರಡನ್ನೂ ಸಹಿಸಿಕೊಳ್ಳಬಹುದು. ಆದರೆ ನಕ್ಷೆ ಮೇಜಿನ ಮೇಲಿದ್ದ ಉಬ್ಬರವಿಳಿತದ ಪುಸ್ತಕ ಹಿಂದಿನ ವರ್ಷದ್ದು! ನೀರು ಏರುವ ಹೊತ್ತು ಚಂದ್ರನ ಲೆಕ್ಕದ್ದು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷ ಮುಹೂರ್ತ ಇಡುತ್ತೀರಾ? ಸ್ಕಿಪ್ಪರ್ ತಮ್ಮ ಚೀಲದಿಂದ ಈ ವರ್ಷದ ಪುಸ್ತಕ ತೆಗೆದಿಟ್ಟರು. ಸ್ಕಿಪ್ಪರ್ ಇಲ್ಲದೆ ಬರೀ ದೋಣಿ ಬಾಡಿಗೆಗೆ ಪಡೆಯುವವರೂ ಇದ್ದಾರಲ್ಲ, ಅವರ ಗತಿ ಏನು? ಇದನ್ನು ಕಂಪನಿಗೆ ಬರೆದು ಕಳಿಸಿದ್ದೇನೆ.

ಇನ್ನೊಂದು ತಪ್ಪು ಅವರ ಕರಪತ್ರದ್ದು. ಎರಡನೇ ದಿನ ಪಶ್ಚಿಮದ ಪೂಲ್ ಬಂದರು, ನಾಲ್ಕನೇ ದಿನ ಇನ್ನೂ ಆಚೆಯ ವೇಮತ್ ಅಂತ ಬಸ್ಸಿನ ವೇಳಾಪಟ್ಟಿಯ ಹಾಗೆ ಅಚ್ಚು ಹಾಕಿದ್ದಾರೆ. ಗಾಳಿಯ ಮಾತು ಒಂದು ಸಾಲೂ ಇಲ್ಲ. ಭಾನುವಾರ ನಾವು ಎದುರಿನ ವೈಟ್ ದ್ವೀಪದ ಯಾರ್ಮತ್‌ಗೆ ಹೋಗಿ ದೋಣಿ ಕಟ್ಟಿದೆವು. ಆಮೇಲೆ ಸೋಮವಾರ, ಮಂಗಳವಾರ ಎರಡೂ ದಿನ ಅಲ್ಲೇ. ನನ್ನ ಜೊತೆಯವರಲ್ಲಿ ಒಬ್ಬಳಿಗೆ ಸಿಟ್ಟೇ ಬಂತು. ರಜೆ ಸಿಗುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಆದರೆ ಸ್ಕಿಪ್ಪರ್ ಸುಮ್ನೆ "ಆಗಲ್ಲ" ಅಂದು ಕೂರಲಿಲ್ಲ. ಕೋಸ್ಟ್‌ಗಾರ್ಡ್ ಮೂರು ಗಂಟೆಗೊಮ್ಮೆ ರೇಡಿಯೋದಲ್ಲಿ ಓದುವ ಮುನ್ಸೂಚನೆಯನ್ನು ನಮ್ಮ ಕೈಯಲ್ಲೇ ಬರೆಸಿದರು. ಕರಾವಳಿಯಲ್ಲಿ ನಮಗೆ ಬೇಕಾದ ಭಾಗ ಸೆಲ್ಸಿ ಬಿಲ್‌ನಿಂದ ಲೈಮ್ ರೀಜಿಸ್‌ವರೆಗಿನದು. ಸೋಮವಾರ ನೈಋತ್ಯದಿಂದ ಫೋರ್ಸ್ 6, ಆಗಾಗ 7. ಫೋರ್ಸ್ ಅನ್ನುವುದು ಗಾಳಿಯ ಬಲದ ಅಳತೆ, ಫೋರ್ಸ್ 6 ಅಂದರೆ 22ರಿಂದ 27 ನಾಟ್ ಗಾಳಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.

ಮಧ್ಯಾಹ್ನ ನಮ್ಮನ್ನು ಫೋರ್ಟ್ ವಿಕ್ಟೋರಿಯಾವರೆಗೆ ನಡೆಸಿಕೊಂಡು ಹೋದರು. ಎದುರಿಗೆ ಎಂಟನೇ ಹೆನ್ರಿ ಕಟ್ಟಿಸಿದ ಹರ್ಸ್ಟ್ ಕೋಟೆ. ನಡುವೆ ಒಂದು ಮೈಲಿಯೂ ಇಲ್ಲದ ಇಕ್ಕಟ್ಟು. ದ್ವೀಪಕ್ಕೂ ಇಂಗ್ಲೆಂಡಿನ ದಡಕ್ಕೂ ನಡುವಿನ ಸೋಲೆಂಟ್ ಕಡಲಿನ ಪಶ್ಚಿಮದ ನೀರೆಲ್ಲ ಇದೇ ಬಾಗಿಲಲ್ಲಿ ಹೋಗಿ ಬರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ಸೆಳೆತ 4 ನಾಟ್ ಮುಟ್ಟುತ್ತದೆ. ನಮ್ಮ ದೋಣಿಯ ಓಟವೇ 5 ನಾಟ್. ಅಂದರೆ ಎದುರು ನೀರಲ್ಲಿ ಹೋದರೆ ನಿಂತಲ್ಲೇ ನಿಂತ ಹಾಗೆ. ಹೊರಗೆ ಹೋಗಲು ಪಶ್ಚಿಮಕ್ಕೆ ಹರಿಯುವ ನೀರೇ ಬೇಕು, ಅದು ಪೂರ್ವದ ಪೋರ್ಟ್ಸ್‌ಮತ್ ಬಂದರಿನಲ್ಲಿ ಉಬ್ಬರ ಪೂರ್ತಿ ತುಂಬುವುದಕ್ಕೆ ಸುಮಾರು ಒಂದು ಗಂಟೆ ಮೊದಲು ಶುರುವಾಗುತ್ತದೆ. ಆದರೆ ಗಾಳಿ ಎದುರಿನಿಂದ. ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ. ಅಲೆಗಳು ಮುಂದೆ ಹೋಗದೆ ಅಲ್ಲೇ ಗೋಡೆಯ ಹಾಗೆ ಎದ್ದು ಬೀಳುತ್ತಿದ್ದವು.

ನನಗೆ ಇದು ಹೊಸದಲ್ಲ. ನಾನು ಹುಟ್ಟಿದ್ದು ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿ. ಶರಾವತಿಯ ಅಳಿವೆಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ದೊಡ್ಡ ಅಲೆ ಬಂದರೆ ಹೀಗೇ ಒಡೆಯುತ್ತದೆ. ಆಗ ಅಪ್ಪ ದೋಣಿ ಕಟ್ಟಿ ದಡದಲ್ಲಿ ಕೂರುತ್ತಿದ್ದರು. ಪಕ್ಕದ ದೋಣಿ ಹೋದರೂ ಅವರು ಏಳುತ್ತಿರಲಿಲ್ಲ. ಅವತ್ತು ಮನೆಗೆ ದುಡ್ಡು ಬರುತ್ತಿರಲಿಲ್ಲ, ಅಮ್ಮ ಏನೂ ಕೇಳುತ್ತಿರಲಿಲ್ಲ. ಫೋರ್ಟ್ ವಿಕ್ಟೋರಿಯಾದ ದಡದಲ್ಲಿ ಆ ನೀರು ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ಕಾಯಲು ಯಾರ್ಮತ್ ಒಳ್ಳೆಯ ಜಾಗ. ಬಂದರಿನ ಒಳಗೆ ನೀರು ಶಾಂತ. ಬಿಸಿನೀರಿನ ಸ್ನಾನ ಇದೆ. 1876ರಲ್ಲಿ ತೆರೆದ, ಕಡಲೊಳಗೆ ಚಾಚಿದ ಮರದ ಕಟ್ಟೆ ಇದೆ, ಅದರ ತುದಿವರೆಗೆ ನಡೆದು ಗಾಳಿ ಎಷ್ಟಿದೆ ಅಂತ ನೋಡಿ ಬರಬಹುದು. ದೋಣಿಯ ಸಣ್ಣ ಒಲೆಯಲ್ಲಿ ನಾನು ಎರಡೂ ದಿನ ಬಂಗುಡೆ ಸಾರು ಮಾಡಿದೆ. ಬಾಣಲೆ ಒಂದೇ ಇತ್ತು, ಅನ್ನಕ್ಕೆ ಕಾಯಬೇಕಾಯಿತು.

ಮಂಗಳವಾರ ಗಾಳಿ 5ಕ್ಕೆ ಇಳಿಯಿತು. ಎರಡು ದೋಣಿಗಳು ಹೊರಟವು. ನಮ್ಮವರು ಹೊರಡಲಿಲ್ಲ. ದಿಕ್ಕು ಇನ್ನೂ ನೈಋತ್ಯವೇ, ನಾಳೆ ಉತ್ತರಕ್ಕೆ ತಿರುಗುತ್ತದೆ ಅಂದರು. ಸಂಜೆ ಆ ಎರಡರಲ್ಲಿ ಒಂದು ಹಿಂದಕ್ಕೆ ಬಂತು. ಅದರಲ್ಲಿದ್ದವರ ಮುಖ ಬಿಳುಚಿಕೊಂಡಿತ್ತು. ನಮ್ಮ ಸ್ಕಿಪ್ಪರ್ ಏನೂ ಹೇಳದೆ ಅವರಿಗೆ ಹಗ್ಗ ಹಿಡಿದು ಕಟ್ಟಿಕೊಟ್ಟರು.

ಬುಧವಾರ ಮಧ್ಯಾಹ್ನ 1:15ಕ್ಕೆ ಹೊರಟೆವು. ಉತ್ತರದ ಗಾಳಿ, ಫೋರ್ಸ್ 3ರಿಂದ 4. ಅದೇ ಇಕ್ಕಟ್ಟಿನಲ್ಲಿ ನೀರು ಎಣ್ಣೆಯ ಹಾಗೆ ಜಾರುತ್ತಿತ್ತು. ನಮ್ಮ ಓಟ 5 ನಾಟ್, ಜಿಪಿಎಸ್ ತೋರಿಸಿದ್ದು 8! ಬಲಗಡೆ ಶಿಂಗಲ್ಸ್ ಅನ್ನುವ ಜಲ್ಲಿಕಲ್ಲಿನ ದಿಬ್ಬದ ಮೇಲೆ ಅಲೆ ಬೆಳ್ಳಗೆ ಒಡೆಯುವುದು ಕಾಣುತ್ತಿತ್ತು. ಎಡಗಡೆ ನೀಡಲ್ಸ್‌ನ ಸುಣ್ಣದ ಬಂಡೆಗಳು, ಅವುಗಳ ತುದಿಯಲ್ಲಿ 1859ರ ಕೆಂಪು ಬಿಳಿ ದೀಪಸ್ತಂಭ. ನನ್ನ ಕೈಗೆ ಚುಕ್ಕಾಣಿ ಕೊಟ್ಟರು. ಎಂಜಿನ್ ಆರಿಸಿದ ಮೇಲೆ ಕೇಳಿದ್ದು ನೀರಿನ ಸದ್ದು ಮಾತ್ರ. ಸುಮಾರು 18 ನಾಟಿಕಲ್ ಮೈಲಿ, ಐದು ಗಂಟೆಯ ಹೊತ್ತಿಗೆ ಪೂಲ್. ಸಿಟ್ಟು ಮಾಡಿದ್ದ ಗೆಳತಿ ದಾರಿಯುದ್ದಕ್ಕೂ ದೋಣಿಯ ಮುಂದೆಯೇ ಕೂತಿದ್ದಳು, ಒಳಗೆ ಬರಲೇ ಇಲ್ಲ.

ಗುರುವಾರ ಪೂಲ್ ಕೊಲ್ಲಿಯೊಳಗೇ ಸುತ್ತಿದೆವು. ಶುಕ್ರವಾರ ಬೆಳಿಗ್ಗೆ 7ಕ್ಕೆ ಹೊರಟು, ಪೂರ್ವಕ್ಕೆ ಹರಿಯುವ ನೀರು ಹಿಡಿದು ವಾಪಸ್ ಬಂದೆವು. ಗಾಳಿ ಕಡಿಮೆ, ಅರ್ಧ ದಾರಿ ಎಂಜಿನ್ನಿನಲ್ಲೇ.

ವೇಮತ್ ನೋಡಲಿಲ್ಲ. ಹಾಗಿದ್ದರೂ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹಳೆ ಪುಸ್ತಕಕ್ಕೆ. ನಾಲ್ಕೂ ಸ್ಕಿಪ್ಪರ್‌ಗೆ. ನೀವು ಬುಕ್ ಮಾಡುವುದಾದರೆ ದೋಣಿಯ ಫೋಟೋಗಿಂತ ಮೊದಲು ಇದನ್ನು ಕೇಳಿ: ಹವಾಮಾನ ಕೆಟ್ಟರೆ ಹೊರಡುವುದು ಬೇಡ ಅನ್ನುವ ಅಧಿಕಾರ ಸ್ಕಿಪ್ಪರ್‌ಗೆ ಪೂರ್ತಿ ಇದೆಯಾ, ಕಂಪನಿ ಅವರನ್ನು ಒತ್ತಾಯ ಮಾಡುತ್ತದಾ? ಆಮೇಲೆ ಚಂದ್ರನನ್ನು ನೋಡಿ ದಿನ ಆರಿಸಿ. ನಾವು ಹೋಗಿದ್ದು ಅಮಾವಾಸ್ಯೆಗೆ, ಸೆಳೆತ ಜಾಸ್ತಿ ಇರುವ ವಾರ. ಅಷ್ಟಮಿಯ ಆಸುಪಾಸಿನಲ್ಲಿ ಅದು ಎಷ್ಟೋ ಕಡಿಮೆ, ಹೊಸಬರಿಗೆ ಅದೇ ಹಿತ.

ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಬಾಗಿಲು ದಾಟುವಾಗ ಗಾಳಿ ಯಾವ ಕಡೆಯಿಂದ ಇತ್ತು?" ಉತ್ತರದಿಂದ ಅಂದೆ. "ಸರಿ ಹಾಗಾದ್ರೆ" ಅಂದರು. ಬರುವ ಮೇ ತಿಂಗಳಿಗೆ ಮತ್ತೆ ಬುಕ್ ಮಾಡಿದ್ದೇವೆ, ಅದೇ ಸ್ಕಿಪ್ಪರ್ ಬೇಕು ಅಂತ ಬರೆದುಕೊಟ್ಟು.