ಎನ್‌ಎಂಎಂಎಸ್ ವಿದ್ಯಾರ್ಥಿವೇತನ: ಪರೀಕ್ಷೆ ಗೆದ್ದ ಮೇಲೆ ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಎನ್‌ಎಂಎಂಎಸ್ ಎಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್, ಕಡಿಮೆ ಆದಾಯದ ಮನೆಯ ಜಾಣ ಮಕ್ಕಳನ್ನು ಎಂಟನೇ ತರಗತಿಯಲ್ಲಿ ಪರೀಕ್ಷೆ ನಡೆಸಿ ಆರಿಸಿ ಕೊಡುವ ವಿದ್ಯಾರ್ಥಿವೇತನ. ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. 2008ರಲ್ಲಿ ಕೇಂದ್ರ ಸರ್ಕಾರ ಈ ಯೋಜನೆ ಶುರು ಮಾಡಿದಾಗ ವರ್ಷಕ್ಕೆ 6,000 ಇತ್ತು, 2017ರ ಏಪ್ರಿಲ್‌ನಿಂದ ದುಪ್ಪಟ್ಟಾಯಿತು. ನವಲಗುಂದ, ರೋಣ, ಹಾನಗಲ್ ಕಡೆಯ ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಯೋಜನೆ ಒಳ್ಳೆಯದೇ. ತಕರಾರೆಲ್ಲ ಆಯ್ಕೆಯಾದ ಮೇಲಿನ ಕಾಗದಪತ್ರದ್ದು.

ಮೊದಲು ಅರ್ಹತೆ. ಮಗು ಎಂಟನೇ ತರಗತಿಯಲ್ಲಿ ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು (ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 50), ತಂದೆತಾಯಿಯ ವಾರ್ಷಿಕ ಆದಾಯ 3.5 ಲಕ್ಷ ದಾಟಬಾರದು. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರವೇ ಊಟ ವಸತಿ ಕೊಟ್ಟು ಓದಿಸುವ ಶಾಲೆ, ಖಾಸಗಿ ಶಾಲೆ ಇವುಗಳ ಮಕ್ಕಳಿಗೆ ಇಲ್ಲ. ಅರ್ಜಿಯನ್ನು ಮನೆಯವರು ಹಾಕುವುದಲ್ಲ, ಹೆಡ್‌ಮಾಸ್ತರು ಶಾಲೆಯ ಲಾಗಿನ್‌ನಿಂದ ಹಾಕಬೇಕು. ಅವರು ಮರೆತರೆ ಮಗುವಿನ ಅವಕಾಶ ಮುಗಿದಂತೆ, ಏಕೆಂದರೆ ಈ ಪರೀಕ್ಷೆ ಎಂಟರಲ್ಲಿ ಮಾತ್ರ.

ಪತ್ರಿಕೆ ಎರಡು, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಸ್ಯಾಟ್ ಎಂಬುದು ವಿಜ್ಞಾನ, ಸಮಾಜ, ಗಣಿತ. ಏಳು, ಎಂಟರ ಪುಸ್ತಕ ಓದಿದವರಿಗೆ ಹೊಸದೇನಿಲ್ಲ. ಮ್ಯಾಟ್, ಅಂದರೆ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆ, ಬೇರೆ ಜಾತಿಯದು. ಸಂಖ್ಯಾಸರಣಿ, ಸಂಕೇತ ಭಾಷೆ, ಗುಂಪಿಗೆ ಸೇರದ್ದು, ಕನ್ನಡಿ ಪ್ರತಿಬಿಂಬ, ಅಡಗಿದ ಆಕೃತಿ, ಇವು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಜಾಣ ಮಗುವೂ ಇಲ್ಲಿ ತಡವರಿಸುವುದು ಬುದ್ಧಿ ಸಾಲದೆ ಅಲ್ಲ, ಅಂಥ ಪ್ರಶ್ನೆಯನ್ನು ಮೊದಲ ಸಲ ನೋಡುತ್ತಿರುವುದಕ್ಕೆ. ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸುವುದೇ ಇದಕ್ಕೆ ಮದ್ದು: ಪ್ರಶ್ನೆಗೆ ಒಂದು ನಿಮಿಷ, ತಿಳಿಯದಿದ್ದರೆ ಮುಂದಕ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯಲ್ಲಿ ಒಂದೂ ಖಾಲಿ ಬಿಡಬಾರದು. ಯಂತ್ರ ಓದುವ ಓಎಂಆರ್ ಉತ್ತರ ಹಾಳೆಯಲ್ಲಿ ಗುಂಡಿ ತುಂಬುವುದನ್ನೂ ಜೆರಾಕ್ಸ್ ಮೇಲೆ ರೂಢಿ ಮಾಡಿಸಿ, ಅದಕ್ಕೇ ಸಾಕಷ್ಟು ಹೊತ್ತು ಹೋಗುತ್ತದೆ.

ಎರಡೂ ಪತ್ರಿಕೆ ಸೇರಿ ಶೇ 40, ಅಂದರೆ 180ಕ್ಕೆ 72 ಬಂದರೆ ಅರ್ಹತೆ. ಪರಿಶಿಷ್ಟರಿಗೆ ಶೇ 32. ಆದರೆ ಪಾಸಾದವರಿಗೆಲ್ಲ ವೇತನ ಬರುವುದಿಲ್ಲ. ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ಹೊಸ ವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಅದು ಜಿಲ್ಲೆ, ಮೀಸಲಾತಿ ಪ್ರಕಾರ ಹಂಚಿಹೋಗುತ್ತದೆ. 72 ಬಂತೆಂದು ಪೇಡಾ ಹಂಚಬೇಡಿ, ಆಯ್ಕೆ ಪಟ್ಟಿ ಬರಲಿ.

ಪಟ್ಟಿಯಲ್ಲಿ ಹೆಸರು ಬಂದ ಮಗು ಒಂಬತ್ತಕ್ಕೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಹೊಸ ಅರ್ಜಿ ಹಾಕಬೇಕು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕಿದ್ದೇವೆ, ಸಾಕು ಎಂದು ಕೂತವರಿಗೆ ಬಿಡಿಗಾಸೂ ಬರುವುದಿಲ್ಲ. ಎರಡೂ ಬೇರೆ ಬೇರೆ. ಎಂಟನೇ ತರಗತಿವರೆಗಿನ ಪ್ರಾಥಮಿಕ ಶಾಲೆಯ ಮಕ್ಕಳ ಪಾಡು ಇನ್ನೂ ಕಷ್ಟ. ಪರೀಕ್ಷೆ ಬರೆಸಿದ ಶಾಲೆ ಕೈ ತೊಳೆದುಕೊಂಡಿರುತ್ತದೆ, ಹೊಸ ಹೈಸ್ಕೂಲಿಗೆ ವಿಷಯವೇ ಗೊತ್ತಿರುವುದಿಲ್ಲ. ದಾಖಲಾತಿ ದಿನವೇ ಫಲಿತಾಂಶದ ಪ್ರತಿ, ಹಾಲ್ ಟಿಕೆಟ್ ಜೆರಾಕ್ಸ್ ಕೊಟ್ಟು ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವ ನೋಡಲ್ ಶಿಕ್ಷಕರು ಯಾರೆಂದು ಕೇಳಿಕೊಳ್ಳಿ.

ಈ ಭಾಗದಲ್ಲಿ ಅರ್ಜಿ ಕೆಡಿಸುವ ದೊಡ್ಡ ಕಾರಣ ಹೆಸರು. ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಮಕ್ಕಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ, ಸ್ಯಾಟ್ ಪತ್ರಿಕೆಯಲ್ಲ) ತಂದೆಯ ಹೆಸರು ಬರೀ 'ಫ', ಆಧಾರ್‌ನಲ್ಲಿ ಪೂರ್ತಿ ಫಕ್ಕೀರಪ್ಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೇ ಇಲ್ಲ. ಪೋರ್ಟಲ್‌ಗೆ ಇವರು ಮೂರು ಬೇರೆ ಮಂದಿ. ಎಂಟನೇ ತರಗತಿಯ ಅರ್ಜಿಗೂ ಮುಂಚೆಯೇ ಸ್ಯಾಟ್ಸ್‌ನಲ್ಲಿ ಆಧಾರ್‌ನಂತೆ ತಿದ್ದಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ಮಗುವಿಗೆ 15 ತುಂಬಿದಾಗ ಆಧಾರ್ ಬಯೋಮೆಟ್ರಿಕ್ ನವೀಕರಣವೂ ಕಡ್ಡಾಯ, ಅದು ಸರಿಯಾಗಿ ಹೈಸ್ಕೂಲು ದಿನಗಳಲ್ಲೇ ಬೀಳುತ್ತದೆ.

ಮೊಬೈಲ್ ನಂಬರು ಊರಲ್ಲೇ ಇರುವವರದ್ದು ಕೊಡಿ. ಅಪ್ಪ ಗೋವಾಕ್ಕೆ ದುಡಿಯಲು ಹೋಗಿದ್ದರೆ ಓಟಿಪಿಯೂ ಗೋವಾದಲ್ಲೇ.

ಬ್ಯಾಂಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಣ ಹೋಗುವುದು ಆಧಾರ್ ಮೂಲಕ, ಬ್ಯಾಂಕುಗಳ ನಡುವೆ ಹಣ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐಯ ಪಟ್ಟಿಯಲ್ಲಿ ಕೊನೆಗೆ ಜೋಡಣೆಯಾದ ಖಾತೆಗೆ. 'ಆಧಾರ್ ಲಿಂಕ್ ಆಗಿದೆ' ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು, ನೇರ ವರ್ಗಾವಣೆಗೆ ಜೋಡಣೆಯಾಗಿದೆಯೇ ಎಂದು ಕೇಳಬೇಕು. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಲ್ಲಿ ಎಷ್ಟೋ ಖಾತೆಗಳು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನವು. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ, ಆ ಖಾತೆಯವರು ಜೋಡಣೆಯನ್ನು ಇನ್ನೊಮ್ಮೆ ನೋಡಿಸಿಕೊಳ್ಳುವುದು ಕ್ಷೇಮ. ವರ್ಷಗಟ್ಟಲೆ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿದ್ದರೂ ಹಣ ವಾಪಸ್ ಹೋಗಬಹುದು.

ಅರ್ಜಿಗೆ ಮೊದಲು ಶಾಲೆಯ, ಆಮೇಲೆ ಜಿಲ್ಲೆಯ ಪರಿಶೀಲನೆ. 'ಡಿಫೆಕ್ಟ್' ಎಂದು ವಾಪಸ್ ಬಂದದ್ದನ್ನು ಗಡುವಿನೊಳಗೆ ತಿದ್ದಿ ಮತ್ತೆ ಕಳಿಸಬೇಕು, ಹಾಗಾಗಿ ಲಾಗಿನ್ ಮಾಡಿ ಸ್ಥಿತಿ ನೋಡುತ್ತಿರಿ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು, ಹಳೆಯದಿದ್ದರೆ ಮೊದಲೇ ಹೊಸದು ಮಾಡಿಸಿ. ದುಡ್ಡು ಬರುವುದು ತಡ, ಅದೂ ಒಂದೇ ಗಂಟಿನಲ್ಲಿ. ಜೂನ್‌ನ ಪುಸ್ತಕ, ಸಮವಸ್ತ್ರದ ಖರ್ಚಿಗೆ ಇದನ್ನು ನಂಬಿಕೊಂಡು ಕೈಗಡ ತರಬೇಡಿ.

ನವೀಕರಣ ಪ್ರತಿ ವರ್ಷವೂ ಬೇಕು. ಒಂಬತ್ತರಲ್ಲಿ ಹೊಸ ಅರ್ಜಿಯೇ ಹಾಕದಿದ್ದರೆ ಹತ್ತರಲ್ಲಿ ನವೀಕರಿಸಲು ಏನೂ ಇರುವುದಿಲ್ಲ. ಒಂಬತ್ತರಿಂದ ಹತ್ತಕ್ಕೆ ಮೊದಲ ಯತ್ನದಲ್ಲೇ ಪಾಸಾಗಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60 ಬೇಕು, ಪರಿಶಿಷ್ಟರಿಗೆ ಶೇ 55. ಆಮೇಲೆ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಸೇರಿದರೆ, ಅಥವಾ ಅನುದಾನವಿಲ್ಲದ ಖಾಸಗಿ ಪಿಯು ಕಾಲೇಜಿಗೆ ಹೋದರೆ, ಉಳಿದ 24,000 ಬರುವುದಿಲ್ಲ. ಸೀಟು ಹಿಡಿಯುವ ಮುಂಚೆ ಕಾಲೇಜು ಕಚೇರಿಯಲ್ಲಿ ಆ ವಿಭಾಗ ಅನುದಾನಿತವೋ ಅಲ್ಲವೋ ಎಂದು ಕೇಳಿ. ಒಂದೇ ಕಾಲೇಜಿನಲ್ಲಿ ಕಲಾ ವಿಭಾಗ ಅನುದಾನಿತವಾಗಿದ್ದು ವಿಜ್ಞಾನ ಅನುದಾನರಹಿತವಾಗಿರಬಹುದು.