ಎಲ್‌ಎಫ್‌ಪಿ ಕಾರೋ, ಎನ್‌ಎಂಸಿ ಕಾರೋ?

ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಎಲ್ಲರೂ ರೇಂಜ್ ಕೇಳುತ್ತಾರೆ, ಅಂದರೆ ಒಮ್ಮೆ ತುಂಬಿಸಿದರೆ ಎಷ್ಟು ದೂರ ಓಡುತ್ತದೆ ಅಂತ. ಒಳಗಿರುವ ಬ್ಯಾಟರಿ ಯಾವ ಬಗೆಯದು ಅಂತ ಕೇಳುವವರು ಕಡಿಮೆ. ಎನ್‌ಎಂಸಿ, ಎಲ್‌ಎಫ್‌ಪಿ ಅನ್ನುವುದು ಅಂಥ ಎರಡು ಬಗೆಯ ಲಿಥಿಯಂ ಬ್ಯಾಟರಿಗಳು.

ಎನ್‌ಎಂಸಿ ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಅಷ್ಟೇ ತೂಕದಲ್ಲಿ ಜಾಸ್ತಿ ಶಕ್ತಿ ಹಿಡಿಸುತ್ತದೆ, ಚಳಿಗೂ ಅಷ್ಟು ಬೇಗ ಸೋಲುವುದಿಲ್ಲ. ಆದರೆ ದಿನಾ ಪೂರ್ತಿ ತುಂಬಿಸಿ ನಿಲ್ಲಿಸಿದರೆ ಬೇಗ ಸವೆಯುತ್ತದೆ. ಅದಕ್ಕೇ ದಿನದ ಓಡಾಟಕ್ಕೆ 80% ಸಾಕು ಅನ್ನುತ್ತಾರೆ. ಅಂದರೆ ಜಾಹೀರಾತಿನ ರೇಂಜ್ ದಿನಾ ಸಿಗಲ್ಲ, ಅಲ್ವಾ?

ಎಲ್‌ಎಫ್‌ಪಿಯಲ್ಲಿರುವುದು ಕಬ್ಬಿಣ ಮತ್ತು ಫಾಸ್ಫೇಟ್. ತೂಕ ಜಾಸ್ತಿ, ಬಾಳಿಕೆಯೂ ಜಾಸ್ತಿ, ಬೆಂಕಿಯ ಭಯ ಕಡಿಮೆ. ಇದರ ವಿಚಿತ್ರ ಬೇರೆ. ಚಾರ್ಜ್ ಇಳಿಯುತ್ತಾ ಹೋದರೂ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಂತಿರುವುದರಿಂದ, ಇನ್ನೆಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ, ಆಗಾಗ 100% ತುಂಬಿಸದಿದ್ದರೆ ಮೀಟರ್ ಸುಮ್ನೆ ಅಂದಾಜು ಹೊಡೆಯುತ್ತದೆ. ವಾರಕ್ಕೊಮ್ಮೆ ಪೂರ್ತಿ ತುಂಬಿಸಿ ಅಂತ ಕೆಲವು ಕಂಪನಿಗಳು ಹೇಳುವುದು ಇದಕ್ಕೇ. ಕೊರೆಯುವ ಚಳಿಯಲ್ಲಿ ಫಾಸ್ಟ್ ಚಾರ್ಜಿಂಗ್ ತೆವಳುತ್ತದೆ, ಬ್ರೇಕ್‌ನಿಂದ ವಾಪಸ್ ಬರುವ ಶಕ್ತಿಯೂ ಕಡಿಮೆಯಾಗುತ್ತದೆ.

ಊರೊಳಗಿನ ಓಡಾಟ, ಮನೆಯಲ್ಲೇ ಚಾರ್ಜರ್ ಇದ್ದರೆ ನನ್ನ ಮತ ಎಲ್‌ಎಫ್‌ಪಿಗೆ. ದೂರದ ಪ್ರಯಾಣ, ಹಿಮ ಬೀಳುವ ಜಾಗ ಅಂದರೆ ಎನ್‌ಎಂಸಿ.

ಯಾವುದೇ ತಗೊಳ್ಳಿ, ಬ್ಯಾಟರಿ ತುಂಬಿದ್ದಾಗ ರೀಜೆನ್ ಬ್ರೇಕ್, ಅಂದರೆ ವೇಗ ಇಳಿಸುವಾಗ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ಕಳಿಸುವ ಬ್ರೇಕ್, ಮಂಕಾಗುತ್ತದೆ. ಇನ್ನೊಂದು ತಮಾಷೆ: ಹೆಚ್ಚಿನ ಕಾರುಗಳಲ್ಲಿ 12 ವೋಲ್ಟ್‌ನ ಪುಟ್ಟ ಬ್ಯಾಟರಿ ಬೇರೆ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.